ಮಾವನ ಮೂರು ಪ್ರತಿ

ನಮ್ಮ ಸೋದರಮಾವನಿಗೆ ಮೂರು ಊರುಗಳಲ್ಲಿ ಮೂರು ಸಂಸಾರವಿದೆ ಎಂಬ ಸುದ್ದಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಹಳ ದಿನ ಓಡಾಡಿತು. ಸುದ್ದಿಗೆ ಆಧಾರವಿಲ್ಲದೆ ಇರಲಿಲ್ಲ. ಗುರುವಾರ ಮಧ್ಯಾಹ್ನ ಒಂದೂ ಮುಕ್ಕಾಲಿನ ಬಸ್ಸಿಗೆ ಚನ್ನರಾಯಪಟ್ಟಣ. ಭಾನುವಾರ ಬೆಳಿಗ್ಗೆ ಅರಕಲಗೂಡು. ದಿನಾ ಸಂಜೆ ಹೊಳೆನರಸೀಪುರ. ಎಲ್ಲಿಗೆ ಹೋದರೂ ತೊಡೆಯ ಮೇಲೆ ಒಂದು ಸ್ಟೀಲ್ ಟಿಫನ್ ಡಬ್ಬಿ, ಅದರ ಮೇಲೆ ಎರಡೂ ಕೈ. ಐವತ್ತು ದಾಟಿದ ಗಂಡಸು ವಾರ ವಾರವೂ ತಪ್ಪದೆ ಹೀಗೆ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರಾದವನು ಏನೆಂದುಕೊಳ್ಳಬೇಕು, ನೀವೇ ಹೇಳಿ!

ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರು ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟನಂತೆ.

"ಏನ್ ಸಾ ಡಬ್ಬೀಲಿ, ಒಬ್ಬಟ್ಟಾ?"

"ಅಲ್ಲಪ್ಪ, ಆಲೂಗಡ್ಡೆ."

"ಎಷ್ಟೈತೆ?"

"ಮೂವತ್ತೊಂದು ಸಾವಿರ ಮೂಟೆ."

ಕಂಡಕ್ಟರು ಟಿಕೆಟ್ಟು ಹರಿದು ಕೊಟ್ಟು ಮುಂದಕ್ಕೆ ಹೋದವನು, ಮತ್ತೆಂದೂ ಮಾವನ ಸೀಟಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಾವ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದವನು ನಾನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು, ಇಷ್ಟು ವರ್ಷವಾದರೂ ಗುರುವಾರ ಮಧ್ಯಾಹ್ನ ಒಂದೂವರೆ ಗಂಟೆಯಾದರೆ ನಾನು ಇನ್ನೂ ಬಾಗಿಲ ಕಡೆ ನೋಡುತ್ತೇನೆ.

ಮೊದಲು ಮಾವನ ಸ್ವಭಾವ ಹೇಳಬೇಕು. ಲೋಕದಲ್ಲಿ ಕೆಲವರು ದೇವರನ್ನು ನಂಬುವುದಿಲ್ಲ, ಕೆಲವರು ನೆಂಟರನ್ನು ನಂಬುವುದಿಲ್ಲ. ನಮ್ಮ ಮಾವ ನಂಬದೆ ಇದ್ದದ್ದು 'ಒಂದು' ಎಂಬ ಸಂಖ್ಯೆಯನ್ನು. ಬೀಗಕ್ಕೆ ಮೂರು ಕೀಲಿ, ಜೇಬಿಗೆ ಮೂರು ಪೆನ್ನು. ದಿನಸಿ ಚೀಟಿ ಬರೆದರೆ ನಡುವೆ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ: ಒಂದು ಅಂಗಡಿಗೆ, ಒಂದು ಅಡುಗೆಮನೆಗೆ, ಒಂದು ತಮಗೆ. ಅವರಿಗೆ ಹೆಣ್ಣು ನೋಡುವ ಶಾಸ್ತ್ರವಾದದ್ದು ಹೊಳೆನರಸೀಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ. ಹುಡುಗಿ ಅಲ್ಲೇ ಕಲಿಸುತ್ತಿದ್ದಳು. ಹಾಡು ಬರುತ್ತದಾ, ಹಸೆ ಬರುತ್ತದಾ ಎಂದೆಲ್ಲ ಹಿರಿಯರು ಕೇಳುತ್ತಿರುವಾಗ ಮಾವ ಕೇಳಿದ್ದು ಒಂದೇ ಪ್ರಶ್ನೆಯಂತೆ: ಒಂದು ಸಲ ಟೈಪ್ ಮಾಡಿದರೆ ಎಷ್ಟು ಪ್ರತಿ ಬರುತ್ತದೆ? "ಕಾರ್ಬನ್ ಇಟ್ರೆ ಮೂರು" ಎಂದಳಂತೆ ಹುಡುಗಿ. ಉಪ್ಪಿಟ್ಟು ಬರುವ ಮೊದಲೇ ಮಾವ ಒಪ್ಪಿಬಿಟ್ಟರು. ಮದುವೆಯಲ್ಲಿ ಅವರು ಯಾವ ತಕರಾರೂ ಇಲ್ಲದೆ ನೆರವೇರಿಸಿದ ಶಾಸ್ತ್ರವೆಂದರೆ ತಾಳಿ ಕಟ್ಟಿದ್ದು. ಅದಕ್ಕೆ ಮೊದಲಿನಿಂದಲೂ ಮೂರು ಗಂಟೇ ಅಲ್ಲವೇ!

ಇಷ್ಟಕ್ಕೇ ಮುಗಿದಿದ್ದರೆ ಮಾವನನ್ನು ಹೆದರುಪುಕ್ಕಲ ಎಂದು ತಳ್ಳಿಬಿಡಬಹುದಿತ್ತು. ಆದರೆ ಅವರಿಗೆ ಇನ್ನೊಂದು ಕಾಯಿಲೆಯೂ ಇತ್ತು. ಇಟ್ಟ ವಸ್ತುವನ್ನು ಆಗಾಗ ತೆಗೆದು ನೋಡಬೇಕು. ಜನವರಿಯ ಬಿಸಿಲಿನಲ್ಲಿ ಹಾಸನದ ಬೀದಿಯಲ್ಲಿ ಛತ್ರಿ ಬಿಚ್ಚಿ, ಮೇಲೆ ಕೆಳಗೆ ನೋಡಿ, ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋಗುವವರನ್ನು ನೀವು ಆ ಕಾಲದಲ್ಲಿ ಕಂಡಿದ್ದರೆ ಅವರು ನಮ್ಮ ಮಾವನೇ. "ಮಳೆ ಬಂದ ದಿನ ಬಿಚ್ಚಿದ್ರೆ ತೂತು ಕಂಡೇನು ಪ್ರಯೋಜನ?" ಎನ್ನುತ್ತಿದ್ದರು. ಟಾರ್ಚು, ಔಷಧಿ ಬಾಟಲಿ, ಅಟ್ಟದ ಮೇಲಿನ ಏಣಿ, ಯಾವುದರ ಸುದ್ದಿ ಬಂದರೂ ಅವರದು ಒಂದೇ ಮಾತು: "ತೆಗ್ದು ನೋಡಿದ್ಯೇನ್ಲಾ?" ಅತ್ತೆ ಇಪ್ಪತ್ತು ವರ್ಷ ಈ ಪ್ರಶ್ನೆ ಕೇಳಿ ಕೇಳಿ, ಕೊನೆಗೆ ಹಾಲು ಕಾಯಿಸುವ ಮೊದಲು ಪಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿಯುವಂತಾಗಿದ್ದರು.

ಮೂರನೆಯದು ದಿನಚರಿ. ಪ್ರತಿದಿನ ಸಂಜೆ ಕೆಲಸ ಬಿಡುವ ಮುಂಚೆ ಮಾವ ಅವತ್ತು ನಡೆದದ್ದನ್ನು ಕಾರ್ಬನ್ ಇಟ್ಟು ಬರೆಯುತ್ತಿದ್ದರು. ಒಂದು ಹಾಳೆ ಆಫೀಸಿಗೆ, ಒಂದು ತಮ್ಮ ಮನೆಗೆ, ಇನ್ನೊಂದು ಅರಕಲಗೂಡಿನಲ್ಲಿ ನಮ್ಮಮ್ಮನ ಟ್ರಂಕಿಗೆ. ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. 'ಸಾಹುಕಾರರು ರಿಜಿಸ್ಟರಿನ ಮೇಲೆ ಕಾಫಿ ಚೆಲ್ಲಿದರು.' 'ಮೇಸ್ತ್ರಿ ಎರಡನೇ ಅಂತಸ್ತಿಗೆ ಹಾಕಬೇಕಾದ ಮೂಟೆಯನ್ನು ಮೂರಕ್ಕೆ ಹಾಕಿದ.' 'ನಾನು ಚೇಂಬರಿನ ದೀಪ ಆರಿಸಲು ಮರೆತೆ.' ಯಾರ ತಪ್ಪಾದರೂ ಹೆಸರು ಹಿಡಿದು, ಮೂರು ಪ್ರತಿ!

ಇಂಥ ಮನುಷ್ಯನಿಗೆ ದೇವರು ಕೊಟ್ಟ ಕೆಲಸವೂ ಅಂಥದ್ದೇ. ಹಾಸನದ ಹೊರಗೆ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರು. ನಮ್ಮ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಮಿಕ್ಕವರಿಗೆ ಹೇಳುತ್ತೇನೆ. ಬೇಸಿಗೆ ಶುರುವಾಗುವ ಹೊತ್ತಿಗೆ ಬಿತ್ತನೆ ಆಲೂಗಡ್ಡೆ ಉತ್ತರದಿಂದ ಲಾರಿಗಳಲ್ಲಿ ಬರುತ್ತದೆ. ಮುಂಗಾರು ಬೀಳುವವರೆಗೆ ಅದು ಕೆಡದಂತೆ, ಮೊಳೆಯದಂತೆ ತಣ್ಣಗೆ ಮಲಗಿರಬೇಕು. ನಾಲ್ಕು ದೊಡ್ಡ ಚೇಂಬರು, ಒಂದೊಂದರಲ್ಲಿ ಐದೈದು ಅಂತಸ್ತು, ಒಳಗೆ ಕತ್ತಲೆ, ಹಲ್ಲು ಕಟಕಟಿಸುವ ಚಳಿ. ಮಾವ ಏಪ್ರಿಲ್ ತಿಂಗಳಲ್ಲೂ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡೇ ಇರುತ್ತಿದ್ದರು. ಅದೇ ವೇಷದಲ್ಲಿ ಊಟಕ್ಕೆ ಹೋಟೆಲಿಗೆ ಬಂದರೆ ಅಲ್ಲಿ ಬನಿಯನ್ ಕೂಡ ಭಾರವಾಗಿ ಬೆವರುತ್ತಿದ್ದ ಸಪ್ಲೈಯರು ಬಿಸಿನೀರು ತಂದಿಡುತ್ತಿದ್ದ, ಪಾಪ.

ಮೂಟೆಯ ಮೇಲೆ ಲಾಟ್ ನಂಬರು ಬರೆದಿರುತ್ತದೆ, ಸರಿ. ಆದರೆ ಆ ನಂಬರು ಯಾವ ಚೇಂಬರಿನ ಯಾವ ಅಂತಸ್ತಿನ ಯಾವ ಸಾಲಿನಲ್ಲಿ ಮಲಗಿದೆ? ಅದನ್ನು ಹೇಳುವುದು ರಿಜಿಸ್ಟರು ಮಾತ್ರ. ಮೂವತ್ತೊಂದು ಸಾವಿರ ಮೂಟೆಯೂ ಒಂದೇ ತಾಯಿ ಮಕ್ಕಳ ಹಾಗೆ ಕಾಣುತ್ತವೆ. ಹುಡುಕೋಣವೆಂದು ಬಾಗಿಲು ತೆರೆದಿಟ್ಟರೆ ಒಳಗಿನ ತಂಪು ಹೋಗಿ ಎಲ್ಲರ ಬೀಜವೂ ಹಾಳು. ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ರಿಜಿಸ್ಟರಿನ ಬೆಲೆ ಏನೆಂದು ಈಗ ತಿಳಿಯಿತಲ್ಲ?

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಇಂಥ ಜಾಗಕ್ಕೆ ನಾನು ಬಂದೆ. ಬಿ.ಎಸ್ಸಿ. ಮುಗಿಸಿ, ಮೇಲೊಂದು ಕಂಪ್ಯೂಟರ್ ಕೋರ್ಸು ಮಾಡಿದ್ದೆ. ಸಾಹುಕಾರರು, ಅಂದರೆ ಕೋಲ್ಡ್ ಸ್ಟೋರೇಜಿನ ಮಾಲೀಕರು, ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ತರಿಸಿದ್ದರು. ನಡೆಸುವವರು ಬೇಕಿತ್ತು. ಮಾವ ನನ್ನ ಪರವಾಗಿ ಮಾತು ಕೊಟ್ಟರು. "ನಮ್ಮುಡ್ಗ. ಜವಾಬ್ದಾರಿ ನಂದು" ಎಂದರಂತೆ. ನನಗೆ ಕೆಲಸ ಸಿಕ್ಕಿತು. ಮಾವ ನನ್ನನ್ನು ಸಂದರ್ಶನ ಮಾಡಲಿಲ್ಲ, ಕಂಪ್ಯೂಟರನ್ನು ಮಾಡಿದರು.

"ಕರೆಂಟೋದ್ರೆ?"

"ಯುಪಿಎಸ್ ಇದೆ ಮಾವ."

"ಅದೂ ಓದ್ರೆ?"

"ಯಾಕೆ ಹೋಗುತ್ತೆ? ಹೊಸದು."

"ಇಲಿ ಕಡುದ್ರೆ?"

"ಇಲಿ ಆಲೂಗಡ್ಡೆ ಬಿಟ್ಟು ಪ್ಲಾಸ್ಟಿಕ್ ಯಾಕೆ ತಿನ್ನುತ್ತೆ ಮಾವ?"

ಎರಡೇ ವಾರ. ಒಂದು ಬೆಳಿಗ್ಗೆ ಬಂದು ನೋಡಿದರೆ ಕೀಬೋರ್ಡಿನ ವೈರು ತುಂಡು. ಇಡೀ ಕಟ್ಟಡದಲ್ಲಿ ಮೂವತ್ತು ಸಾವಿರ ಮೂಟೆ ಆಲೂಗಡ್ಡೆ ಇದ್ದರೂ ಆ ಇಲಿಗೆ ಬದಲಾವಣೆ ಬೇಕಾಗಿತ್ತು! ಮಾವ ಅವತ್ತಿನ ದಿನಚರಿಯಲ್ಲಿ ಬರೆದರು: 'ಇಲಿ ವೈರು ಕಡಿಯಿತು. ಕಡಿಯುವುದಿಲ್ಲ ಎಂದು ಅಳಿಯ ಹೇಳಿದ್ದ.' ಮೂರು ಪ್ರತಿ.

ಆಯುಧಪೂಜೆಯ ದಿನ ಹಮಾಲಿಗಳ ಮೇಸ್ತ್ರಿ ತಕ್ಕಡಿ, ಕೈಗಾಡಿ, ಕಂಪ್ರೆಸರಿಗೆಲ್ಲ ಪೂಜೆ ಮಾಡಿಕೊಂಡು ನನ್ನ ಮೇಜಿಗೂ ಬಂದ. ಹೊಸ ದೇವರು. ವಿಭೂತಿ ಬಳಿದ, ಹೂ ಮುಡಿಸಿದ. ನೈವೇದ್ಯಕ್ಕೆ ಬಾಯಿ ಎಲ್ಲಿದೆ ಎಂದು ಹುಡುಕಿದಾಗ ಅವನಿಗೆ ಕಂಡದ್ದು ಫ್ಲಾಪಿ ತೂರಿಸುವ ಸೀಳು. ಎರಡು ಚಿಟಿಕೆ ಸಕ್ಕರೆ ಹಾಕಿ ಕೈಮುಗಿದ. ಮಾರನೆಯ ದಿನ ಕಂಪ್ಯೂಟರಿನೊಳಕ್ಕೆ ಇರುವೆಗಳ ಮೆರವಣಿಗೆ. ನಾನು ಕುಣಿದಾಡಿದೆ. ಮಾವ ಬರೆದದ್ದು ಇಷ್ಟೇ: 'ಮೇಸ್ತ್ರಿ ಕಂಪ್ಯೂಟರಿಗೆ ಸಕ್ಕರೆ ಹಾಕಿದ. ಭಕ್ತಿಯಿಂದ.'

ಇವೆಲ್ಲ ಬೇರೆಯವರ ತಪ್ಪು. ನನ್ನದೂ ಇತ್ತು. ನಾನು ಕಲಿತ ಕಡೆಯಿಂದ ಒಂದು ಆಟದ ಫ್ಲಾಪಿ ತಂದು ಹಾಕಿದೆ. ಅದರ ಜೊತೆ ವೈರಸ್ಸೂ ಬಂತು. ಆಲೂಗಡ್ಡೆಯ ಪಟ್ಟಿ ತೆರೆದರೆ ಅಕ್ಷರಗಳು ಒಂದೊಂದಾಗಿ ಕಳಚಿ ಪರದೆಯ ಕೆಳಕ್ಕೆ ಉದುರತೊಡಗಿದವು, ಹುಣಸೆಮರ ಅಲ್ಲಾಡಿಸಿದ ಹಾಗೆ. ಮಾವ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಕೆಳಗೆ ಬಟ್ಟೆ ಆಸ್ಲೇನ್ಲಾ?" ಎಂದರು. ಅಂದಿನಿಂದ ಹೊರಗಿನ ಫ್ಲಾಪಿ ಒಳಗೆ ಬರಬಾರದೆಂದು ಚಪ್ಪಲಿ ಬಿಡುವ ಜಾಗದ ಮೇಲೆ ಬೋರ್ಡು ಬಿತ್ತು.

ಪುಣ್ಯಕ್ಕೆ ಆ ವರ್ಷ ಪಕ್ಕದಲ್ಲೇ ಮಾವನ ಕಾಗದದ ರಿಜಿಸ್ಟರೂ ನಡೆಯುತ್ತಿತ್ತು. ಮುಂದಿನ ವರ್ಷ ನಾನು ಹಠ ಹಿಡಿದೆ. ಎರಡೆರಡು ಕಡೆ ಬರೆಯುವುದು ಯಾಕೆ? ಸಾಹುಕಾರರೂ ನನ್ನ ಕಡೆ ವಾಲಿದರು. ಮಾವ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ರಿಜಿಸ್ಟರು ಮುಚ್ಚಿ ಬೀರುವಿಗೆ ಇಟ್ಟರು. ಆದರೆ ಷರತ್ತು ಹಾಕಿದರು. ಪ್ರತಿ ಗುರುವಾರ ಇಡೀ ಪಟ್ಟಿಯನ್ನು ಮೂರು ಫ್ಲಾಪಿಗೆ ತುಂಬಬೇಕು. ಮೂರೂ ಒಂದೇ ಮನೆಯಲ್ಲಿ ಇರಬಾರದು. ಬೆಂಕಿ, ನೀರು, ಕಳ್ಳ ಯಾರೂ ಹೇಳಿ ಬರುವುದಿಲ್ಲ. ಒಂದು ಚನ್ನರಾಯಪಟ್ಟಣದ ದೊಡ್ಡಮ್ಮನ ಮನೆಗೆ, ಒಂದು ಅರಕಲಗೂಡಿಗೆ ನಮ್ಮಮ್ಮನ ಹತ್ತಿರ, ಒಂದು ಹೊಳೆನರಸೀಪುರಕ್ಕೆ ಅತ್ತೆಯ ಹತ್ತಿರ. ಮೂರು ಸಂಸಾರ ಎಂದರೆ ಇದು! ಇನ್ನೂ ಒಂದು ಷರತ್ತು: ಗುರುವಾರ ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಪ್ರತಿ ಮುಗಿಯಬೇಕು.

ಫ್ಲಾಪಿ ಎಂದರೆ ಈಗಿನವರಿಗೆ ಗೊತ್ತಿಲ್ಲದೆ ಇರಬಹುದು. ಅಂಗೈಯಗಲದ ಒಂದು ಕಪ್ಪು ಬಿಲ್ಲೆ. ತುಂಬುವಾಗ ಕರಕರ ಎಂದು ಶಬ್ದ ಮಾಡುತ್ತದೆ. ತುಂಬಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಮತ್ತೆ ತೆರೆದು ನೋಡಬೇಕು. ಮೂರು ತೆರೆದು ನೋಡಲು ಕಾಲು ಗಂಟೆ. ಒಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಮಾವ ಕಂಕುಳಲ್ಲಿ ಛತ್ರಿ, ಕೈಯಲ್ಲಿ ಡಬ್ಬಿ ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು.

"ತೆಗ್ದು ನೋಡಿದ್ಯೇನ್ಲಾ?"

"ನೋಡಿದೆ ಮಾವ."

ನೋಡಿರಲಿಲ್ಲ. ಒಂದು ವಾರವೂ ನೋಡಿರಲಿಲ್ಲ. ಕರಕರ ಎಂದಿತಲ್ಲ, ಸಾಕು ಎನ್ನುವುದು ನನ್ನ ಪದವಿಯ ತೀರ್ಮಾನ. ಮಾರ್ಚಿನಿಂದ ಜೂನಿನವರೆಗೆ ಗುರುವಾರಕ್ಕೊಂದರಂತೆ ನಾನು ಹೇಳಿದ ಸುಳ್ಳುಗಳನ್ನು ಪೋಣಿಸಿದರೆ ಮಾವನ ಕೊರಳಿಗೆ ಹಾರವಾಗುತ್ತಿತ್ತು.

ಇನ್ನು ಆ ಗುರುವಾರ.

ಮಂಗಳವಾರ ಬಿದ್ದ ಮಳೆ ಬುಧವಾರವೂ ಹಿಡಿದಿತ್ತು. ಗುರುವಾರ ಬೆಳಗಾಗುವ ಹೊತ್ತಿಗೆ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಮುಚ್ಚಿ, ಮತ್ತೆ ಮೂರಕ್ಕೆ ತೆಗೆಯುವುದು ರೂಢಿ. ಸಾಲಿನ ಮೊದಲಲ್ಲಿ ಅರಕಲಗೂಡು ಕಡೆಯ ಒಬ್ಬ ಯಜಮಾನರು ಮಳೆಗೆ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೂತಿದ್ದರು. ಅವರದು ಹನ್ನೆರಡೇ ಮೂಟೆ. ಹನ್ನೆರಡೇ ಆದರೂ ಅವರ ಇಡೀ ವರ್ಷ ಆ ಹನ್ನೆರಡರಲ್ಲಿತ್ತು. ಚೀಟಿ ತೋರಿಸಿ, ನಮ್ದು ಎಲ್ಲಿ ಮಲಗೈತೆ ಸಾ, ಎಂದು ನನ್ನನ್ನು ಎರಡು ಸಲ ಕೇಳಿದ್ದರು. ಮೂರು ಗಂಟೆಗೆ ಎಬ್ಬಿಸಿ ಕೊಡುತ್ತೇನೆ ಎಂದು ನಾನು ತಮಾಷೆ ಮಾಡಿದ್ದೆ.

ಒಂದು ಗಂಟೆ ಇಪ್ಪತ್ತೈದು. ಹೊರಗೆ ಮಾವನ ಛತ್ರಿಯ ಸಪ್ಪಳ ಕೇಳಿಸಿತು. ಪ್ರತಿ ಇನ್ನೂ ಶುರುವೇ ಆಗಿರಲಿಲ್ಲ. ಅವಸರದಲ್ಲಿ ಪೆಟ್ಟಿಗೆಯ ತಳದಿಂದ ಕೈಗೆ ಸಿಕ್ಕ ಫ್ಲಾಪಿ ತೂರಿಸಿದೆ. ಕಂಪ್ಯೂಟರಿನಿಂದ ಫ್ಲಾಪಿಗೆ ಎಂದು ಬರೆಯಬೇಕಾದ ಕಡೆ ಫ್ಲಾಪಿಯಿಂದ ಕಂಪ್ಯೂಟರಿಗೆ ಎಂದು ಬರೆದೆ. ಯಂತ್ರಕ್ಕೆ ನನಗಿಂತ ಬುದ್ಧಿಯಿತ್ತು. ಇದೇ ಹೆಸರಿನ ಪಟ್ಟಿ ಆಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕೇಳಿತು. ಹೂಂ ಎಂದೆ. ಕರಕರ ಎಂದಿತು. ಒಂದು ಫೈಲು ಪ್ರತಿಯಾಯಿತು ಎಂದು ವಿನಯದಿಂದ ತಿಳಿಸಿತು.

ಆ ಶಬ್ದದಲ್ಲಿ ಏನೋ ಹೆಚ್ಚು ಕಡಿಮೆ ಇತ್ತು. ನಾನು ಜೀವನದಲ್ಲಿ ಮೊದಲ ಸಲ ತೆಗೆದು ನೋಡಿದೆ.

ಆ ಫ್ಲಾಪಿ ಫೆಬ್ರವರಿಯದು. ಲಾರಿಗಳು ಬರುವುದಕ್ಕೂ ಮುಂಚೆ ಪರೀಕ್ಷೆಗೆಂದು ತುಂಬಿದ್ದು. ಪರದೆಯ ಮೇಲೆ ಮೊದಲನೇ ಚೇಂಬರು, ಖಾಲಿ. ಎರಡನೆಯದು, ಖಾಲಿ. ಮೂರು, ನಾಲ್ಕು, ಒಂದೊಂದು ಅಂತಸ್ತೂ ಖಾಲಿ ಖಾಲಿ ಖಾಲಿ. ಗೋಡೆಯಾಚೆ ಸುಮಾರು ಮೂವತ್ತು ಸಾವಿರ ಮೂಟೆ ಚಳಿಯಲ್ಲಿ ಮಲಗಿದ್ದವು, ಯಾವುದು ಎಲ್ಲಿದೆ ಎಂದು ಹೇಳುವ ಪ್ರಾಣಿ ಭೂಮಿಯ ಮೇಲೆ ಇರಲಿಲ್ಲ. ಗೇಟಿನಲ್ಲಿ ಯಾರೋ ಟ್ರ್ಯಾಕ್ಟರಿನ ಹಾರನ್ನು ಬಾರಿಸಿದರು. ಅದು ಈಗಲೂ ನನ್ನ ಕಿವಿಯಲ್ಲಿದೆ. ಹಿಂದಿನ ಗೇಟಿನಿಂದ ಹೊರಟರೆ ಅರಸೀಕೆರೆಯ ಬಸ್ಸು ಎಷ್ಟು ಹೊತ್ತಿಗೆ ಸಿಗಬಹುದು ಎಂದೂ ಲೆಕ್ಕ ಹಾಕಿದೆ, ಮುಚ್ಚಿಡುವುದು ಯಾಕೆ?

ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿದರು. ಮಾಮೂಲಿ ಪ್ರಶ್ನೆ ಕೇಳಲಿಲ್ಲ.

"ಏನಾಯ್ತ್ಲಾ?"

ಹೇಳಿದೆ. ಇವತ್ತಿನದನ್ನು ಹೇಳಿದೆ, ಅದರ ಹಿಂದೆಯೇ ಇಷ್ಟು ವಾರವೂ ಯಾವ ಫ್ಲಾಪಿಯನ್ನೂ ತೆಗೆದು ನೋಡಿಲ್ಲ ಎಂಬುದನ್ನೂ ಹೇಳಿಬಿಟ್ಟೆ. ಮಾವ ಮಂಕಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರ ತಲೆ ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಜವಾಬ್ದಾರಿ ನಂದು ಎಂದು ಸಾಹುಕಾರರ ಮುಂದೆ ಹೇಳಿದ್ದ ಮನುಷ್ಯ ಅವರು.

"ಎದ್ದೇಳು," ಎಂದರು. "ಚನ್ರಾಯ್ಪಟ್ಣಕ್ಕೂ ಅರಕಲಗೂಡ್ಗೂ ನೀನೋಗು. ನರಸೀಪುರಕ್ಕೆ ನಾನೋಯ್ತೀನಿ. ಮೂರೂ ಬೇಕು."

ಆಮೇಲೆ ಗೇಟಿಗೆ ಹೋಗಿ, ಇವತ್ತು ಮೂಟೆ ತೆಗೆಯುವುದಿಲ್ಲ, ನಾಳೆ ಬೆಳಿಗ್ಗೆ ಏಳಕ್ಕೆ ತೆಗೆಯುತ್ತೇವೆ ಎಂದು ಹೇಳಿ, ಎಲ್ಲರಿಗೂ ಚಹಾ ಹೇಳಿದರು. ಕೊಪ್ಪೆಯ ಯಜಮಾನರು ಚಹಾ ಮುಟ್ಟಲಿಲ್ಲ.

"ನಾಳೆಗಂಟ ಭೂಮೀಲಿ ಹದ ನಿಂತೀತಾ ಸಾ?" ಎಂದರು.

"ನಿಲ್ತದೆ," ಎಂದರು ಮಾವ. ಒಂದನ್ನು ನಂಬದ ಮನುಷ್ಯ ಆ ಒಂದು ಮಾತನ್ನು ಯಾವ ಧೈರ್ಯದ ಮೇಲೆ ಹೇಳಿದರೋ!

ಚನ್ನರಾಯಪಟ್ಟಣದ ಆ ಬಸ್ಸು ಹಿಂದೆಂದೂ ಅಷ್ಟು ನಿಧಾನವಾಗಿ ಹೋಗಿರಲಾರದು. ದೊಡ್ಡಪ್ಪನದು ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ದೊಡ್ಡಮ್ಮ ಮುಖವರಳಿಸಿ ನಡುಮನೆಗೆ ಕರೆದೊಯ್ದರು. "ಒಸಿನೂ ಧೂಳು ಕೂರ್ದಂಗೆ ಮಡಗಿವ್ನಿ ಕಣಪ್ಪ," ಎಂದು ಸೆರಗಿನಿಂದ ಒರೆಸಿ ಕೊಟ್ಟರು. ಇಟ್ಟಿದ್ದದ್ದು ಎಲ್ಲಿ? ಆಳೆತ್ತರದ ಸ್ಪೀಕರಿನ ಬೆನ್ನಿಗೆ, ಬೋಗುಣಿಯಷ್ಟು ದಪ್ಪದ ಅಯಸ್ಕಾಂತಕ್ಕೆ ಆತು! ಫ್ಲಾಪಿಯ ಅಕ್ಷರಕ್ಕೆ ಅಯಸ್ಕಾಂತ ಎಂದರೆ ಸ್ಲೇಟಿಗೆ ಒದ್ದೆ ಬಟ್ಟೆ. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿಸಿ ನೋಡಿದರೆ, ಇದರಲ್ಲಿ ಏನೂ ಇಲ್ಲವಲ್ಲ ಎಂದರು. ದೊಡ್ಡಮ್ಮ ಮಾಡಿದ ತಪ್ಪೇನು? ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತುವಿನ ಪಕ್ಕದಲ್ಲೇ ಇಟ್ಟಿದ್ದರು.

ಅರಕಲಗೂಡು ಮುಟ್ಟಿದಾಗ ಐದು ದಾಟಿತ್ತು. ನಮ್ಮಮ್ಮ ಫ್ಲಾಪಿಗಳನ್ನು ಮಲ್ಲುಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಬಿಚ್ಚಿದೆ. ಒಂದೊಂದೂ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಅಮ್ಮ, ಇದಕ್ಕೇನು ಮಾಡಿದೆ?"

"ಮುಗ್ಗು ಇಡೀಬಾರ್ದು ಅಂತ ಬಿಸ್ಲಿಗಾಕ್ತಿದ್ದೆ ಕಣೋ, ಸಂಡಿಗೆ ಜೊತೆ," ಎಂದಳು. "ಯಾಕೆ, ಊಟ ಮಾಡಿಲ್ವಾ ನೀನು?"

ಮಲ್ಲುಬಟ್ಟೆಯ ಗಂಟನ್ನು ಹಾಗೇ ಹಿಡಿದು ಹಾಸನದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಲಗಳು ಉತ್ತು ಹದವಾಗಿ ಕಪ್ಪಗೆ ಕಾದಿದ್ದವು. ಕಿಟಕಿ ಮುಚ್ಚಿಬಿಟ್ಟೆ. ನನ್ನ ಹತ್ತಿರ ಎರಡು ಊರಿನ ಕಸವಿತ್ತು. ಮೂರನೆಯದಕ್ಕೂ ಅದೇ ಗುರುವಾರಗಳ ಕರಕರ ತಾನೇ? ನಾಳೆ ಏಳಕ್ಕೆ ಆ ಹನ್ನೆರಡು ಮೂಟೆಯ ಯಜಮಾನರಿಗೆ ಏನು ಹೇಳುವುದು?

ದೀಪ ಹಚ್ಚುವ ಹೊತ್ತಿಗೆ ಆಫೀಸಿಗೆ ಬಂದೆ. ಮಾವ ನನ್ನ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೋರುಬೆರಳೊಂದನ್ನೇ ಎತ್ತಿ, ಕೋಳಿ ಕಾಳು ಹೆಕ್ಕುವಂತೆ ಕೀಬೋರ್ಡು ಕುಟ್ಟುತ್ತಿದ್ದರು. ಪರದೆಯ ತುಂಬ ಸಾಲು ಸಾಲು. ಮೊದಲನೇ ಚೇಂಬರು ಭರ್ತಿ. ಎರಡು ಭರ್ತಿ. ಮೂರು, ನಾಲ್ಕು, ಎಲ್ಲವೂ. ಇದೆಲ್ಲಿಂದ ಬಂತು ಮಾವ ಎಂದೆ.

ಮಾವ ಮೇಜಿನ ಡ್ರಾಯರು ಎಳೆದರು. ಒಳಗಡೆ ಅಂಟಿಸಿದ್ದ ಒಂದು ಚೀಟಿ. ಅತ್ತೆಯ ಅಕ್ಷರ. ಈಗ ತಾವೇ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಅತ್ತೆ ಆ ವರ್ಷವೇ ಒಂದು ಕಂಪ್ಯೂಟರು ತಂದಿದ್ದರು. ಚೀಟಿಯಲ್ಲಿ 'ಇಲ್ಲಿಂದ' ಎಂದು ಬರೆದು ಒಂದು ಬಾಣ, ಬಾಣದ ತುದಿಗೆ 'ಅಲ್ಲಿಗೆ'. ಅಷ್ಟೇ. ಅಂಥದೊಂದು ಬಾಣ ನನ್ನ ಕಣ್ಣಿಗೆ ಬಿದ್ದಿದ್ದರೆ!

"ಮೊದಲನೇ ವಾರದ್ದೇ ಓಪನ್ ಆಗ್ಲಿಲ್ಲ ಕಣ್ಲಾ," ಎಂದರು ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮತ್ತೆ ತೆಗ್ದು ನೋಡಿದ್ಲು."

ಉಳಿದದ್ದನ್ನೂ ಅವರೇ ಹೇಳಿದರು: ಅಂದಿನಿಂದ ಪ್ರತಿ ಶುಕ್ರವಾರ ಮಾವ ಒಂದು ಗಂಟೆ ಮುಂಚೆ ಬಂದು, ಬಾಣ ನೋಡಿಕೊಂಡು, ತಾವೇ ಒಂದು ಪ್ರತಿ ಮಾಡುತ್ತಿ‍ದ್ದರು. ಸಂಜೆ ಅದನ್ನು ಹೊಳೆನರಸೀಪುರಕ್ಕೆ ಒಯ್ದು ಅತ್ತೆಯಿಂದ ತೆಗೆಸಿ ನೋಡುತ್ತಿದ್ದರು. ಅಂದರೆ ನಾನು ಸುಳ್ಳು ಹೇಳುತ್ತಿದ್ದದ್ದು ಅವರಿಗೆ ಮೊದಲಿನಿಂದಲೂ ಗೊತ್ತು!

"ಗೊತ್ತಿದ್ದೂ ವಾರ ವಾರ ಯಾಕೆ ಕೇಳ್ತಿದ್ರಿ ಮಾವ?"

"ಒಂದಿನ ಇಲ್ಲ ಅಂತೀಯೇನೋ ಅಂತ."

ನಾನು ಮೂಲೆಯಲ್ಲಿದ್ದ ಮೂಟೆಯೊಂದರ ಮೇಲೆ ಕೂತೆ. ಮಾವ ಇನ್ನಷ್ಟು ಹೊತ್ತು ಕುಟ್ಟಿದರು. ಕಳೆದ ಶುಕ್ರವಾರದಿಂದ ಈಚೆಗೆ ಹೊರಗೆ ಹೋದ ಮೂಟೆಗಳ ಚೀಟಿಗಳನ್ನು ಜೋಡಿಸಿ ಸೇರಿಸುತ್ತಿದ್ದರು.

"ರಾವುಕಾಲ ಅಂತ ನಾನ್ ಓಡುಸ್ದೆ ನಿನ್ನ," ಎಂದರು ಕೊನೆಗೆ. "ಅಂಗನ್ನದಿದ್ರೆ ನೀನು ಸಂಜೆಗಂಟ ಮುಂದಕ್ಕಾಕ್ತಿದ್ದೆ. ನಂಗೆ ರಾವೂನೂ ಗೊತ್ತಿಲ್ಲ, ಕೇತೂನೂ ಗೊತ್ತಿಲ್ಲ. ಇನ್ಮೇಲೆ ಬೆಳಿಗ್ಗೇನೇ ಮಾಡು, ನಿಧಾನಕ್ಕೆ."

ಮಾರನೆಯ ದಿನ ಏಳಕ್ಕೆ ಬಾಗಿಲು ತೆರೆಯಿತು. ಹನ್ನೆರಡು ಮೂಟೆ ಎರಡನೇ ಚೇಂಬರಿನ ನಾಲ್ಕನೇ ಅಂತಸ್ತಿನಲ್ಲಿ, ಪರದೆ ಹೇಳಿದ ಸಾಲಿನಲ್ಲೇ ಇದ್ದವು. ಹಮಾಲಿಗಳು ತಂದು ಹಾಕಿದಾಗ ಯಜಮಾನರು ಒಂದು ಮೂಟೆಯ ಬಾಯಿ ಬಿಚ್ಚಿ, ಒಂದು ಗೆಡ್ಡೆ ಎತ್ತಿ, ಕಣ್ಣು ಮೊಳೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಮಾವ ಅವರನ್ನು ನೋಡುತ್ತಿದ್ದ ರೀತಿ ನೋಡಬೇಕಿತ್ತು, ತಮ್ಮದೇ ಮತದವರೊಬ್ಬರು ಸಿಕ್ಕ ಹಾಗೆ! ನಾನು ಮೇಜಿನ ಹಿಂದೆ ನಿಂತು ಮುಂದಿನ ಚೀಟಿ ಕರೆದೆ. ಈಗಲೂ ಮೊಬೈಲು 'ಅಳಿಸಲೇ?' ಎಂದು ಕೇಳಿದರೆ ಮೂರು ಸಲ ಓದಿ ನೋಡಿಯೇ ಹೂಂ ಎನ್ನುತ್ತೇನೆ. ಮಗಳು ನಗುತ್ತಾಳೆ. ನಗಲಿ. ನಮ್ಮ ಮನೆಯ ಛತ್ರಿಗಳನ್ನು ಜನವರಿಯಲ್ಲಿ ಬಿಚ್ಚಿ ನೋಡುವವನು ಈಗ ನಾನು.

ಮಾವ ಆಮೇಲೆ ಐದಾರು ವರ್ಷ ಕೆಲಸ ಮಾಡಿ ನಿವೃತ್ತರಾದರು. ಹೋಗುವಾಗ ಹೊಳೆನರಸೀಪುರದ ಕಟ್ಟು, ಅರಕಲಗೂಡಿನ ಕಟ್ಟು, ಆಫೀಸಿನ ಕಟ್ಟು, ದಿನಚರಿಯ ಮೂರೂ ಪ್ರತಿಗಳನ್ನು ನನ್ನ ಮೇಜಿನ ಮೇಲೆ ಹೇರಿ, "ಮೂರೂ ತಾಳೆ ಆಯ್ತದಾ ನೋಡ್ಕೊ," ಎಂದರು. ಇಲಿ ಸಿಕ್ಕಿತು, ಸಕ್ಕರೆ ಸಿಕ್ಕಿತು, ಸಾಹುಕಾರರ ಕಾಫಿ ಸಿಕ್ಕಿತು. ಆ ಗುರುವಾರದ ಹಾಳೆ ಬಂದಾಗ ಎದ್ದುಹೋಗಿ ನೀರು ಕುಡಿದು ಬಂದೆ. ನನ್ನ ತಪ್ಪು ನನ್ನ ಹೆಸರಿನೊಂದಿಗೆ ಮೂರು ಪ್ರತಿಯಾಗಿ ಅಲ್ಲಿ ಕೂತಿರುತ್ತದೆ, ಓದಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಮೊದಲು ಆಫೀಸಿನದು ಓದಿದೆ. ನಂಬಿಕೆಯಾಗದೆ ಹೊಳೆನರಸೀಪುರದ್ದು ಓದಿದೆ. ಆಮೇಲೆ ಅರಕಲಗೂಡಿನದು, ನಮ್ಮಮ್ಮನ ಟ್ರಂಕಿನ ವಾಸನೆಯ ಹಾಳೆ. ಮೂರೂ ತಾಳೆಯಾದವು. ಮೂರರಲ್ಲೂ ಇದ್ದದ್ದು ಇಷ್ಟೇ:

'ಗುರುವಾರ. ಮಳೆ. ಮಧ್ಯಾಹ್ನ ಮೂಟೆ ತೆಗೆಯಲಿಲ್ಲ. ನಾಳೆ ಏಳಕ್ಕೆ. ಅಳಿಯ ಊಟ ಮಾಡಿಲ್ಲ.'